ಹೋಗಿ ಬರುವವರ ಅಲ್ಪವಿರಾಮ

ಚೆನ್ನೈಯಲ್ಲಿ ಸಂಜೆ ಆಫೀಸು ಬಿಡುವಾಗ ಯಾರೂ ‘ಪೋರೇನ್’ ಅನ್ನುವುದಿಲ್ಲ. ‘ಪೋಯಿಟ್ಟು ವರೇನ್’ ಅನ್ನುತ್ತಾರೆ. ನಮ್ಮೂರಲ್ಲಿ ‘ಹೋಗ್ತೀನಿ’ ಅಂದರೆ ಅಜ್ಜಿ ಬೈದು, ‘ಹೋಗಿ ಬರ್ತೀನಿ ಅನ್ನು’ ಎಂದು ತಿದ್ದುತ್ತಿದ್ದರಲ್ಲ, ಅದೇ ಮಾತು ಇದು. ಈ ಊರಿಗೆ ಬಂದ ಹೊಸದರಲ್ಲಿ ನನಗೆ ಮೊದಲು ಅರ್ಥವಾದ ತಮಿಳು ವಾಕ್ಯ ಇದೇ ಇರಬೇಕು. ಇದನ್ನು ಇಂಗ್ಲಿಷಿಗೆ ತಿರುಗಿಸಿ ‘ಐ ವಿಲ್ ಗೋ ಆ್ಯಂಡ್ ಕಮ್’ ಅಂದವರನ್ನು ಕಂಡು ನಗುವ ಜನ ಎಲ್ಲ ಆಫೀಸಿನಲ್ಲೂ ಇದ್ದಾರೆ. ನಗಲಿ. ಆದರೆ ಆ ನಗೆಯ ಕೆಳಗೆ ಒಂದು ವ್ಯಾಕರಣದ ವಿಷಯ ಇದೆ. ಹದಿನಾಲ್ಕು ವರ್ಷ ಇಲ್ಲಿ ಕೂತು ಬೇರೆಯವರ ಇಂಗ್ಲಿಷು ತಿದ್ದಿದ ಮೇಲೆ, ಅದನ್ನು ನಮ್ಮವರಿಗೆ ಕನ್ನಡದಲ್ಲೇ ಹೇಳಬೇಕು ಅನ್ನಿಸಿದೆ.

ನನ್ನ ಕೆಲಸ ಕಾಪಿ ಎಡಿಟಿಂಗ್. ಇಂಗ್ಲೆಂಡು, ಅಮೆರಿಕದ ಎಷ್ಟೋ ಪ್ರಕಾಶಕರ ವೈದ್ಯಕೀಯ ಪತ್ರಿಕೆಗಳು, ಎಂಜಿನಿಯರಿಂಗ್ ಪುಸ್ತಕಗಳು ಪುಟವಾಗಿ ಕಟ್ಟಿಸಿಕೊಳ್ಳುವುದು ಈ ಊರಿನಲ್ಲಿ. ಓದುಗನಿಗೆ ಇದು ಗೊತ್ತಾಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ನಮ್ಮ ಸಾಲಿನಲ್ಲಿ ತಮಿಳರೇ ಹೆಚ್ಚು, ತೆಲುಗರು, ಮಲಯಾಳಿಗಳು ಒಂದಷ್ಟು, ಕನ್ನಡದವರು ಬೆರಳೆಣಿಕೆಯಷ್ಟು. ನಾವು ದಿನವಿಡೀ ತಿದ್ದುವ ತಪ್ಪುಗಳಲ್ಲಿ ಒಂದಕ್ಕೆ ‘ಕಾಮಾ ಸ್ಪ್ಲೈಸ್’ ಎಂದು ಹೆಸರು. ಎರಡು ಪೂರ್ಣ ವಾಕ್ಯಗಳ ನಡುವೆ ಬರೀ ಒಂದು ಅಲ್ಪವಿರಾಮ ಹಾಕಿ ಅಂಟಿಸುವುದು. ‘ಐ ಟುಕ್ ದ ಬಸ್, ಶಿ ಟುಕ್ ದ ಟ್ರೇನ್.’ ಕನ್ನಡದ ಕಿವಿಗೆ ಇದರಲ್ಲಿ ಏನೂ ತಪ್ಪು ಕೇಳಿಸುವುದಿಲ್ಲ. ಕೇಳಿಸಬೇಕಾದ ಕಾರಣವೂ ಇಲ್ಲ. ‘ನಾನು ಬಸ್ಸು ಹಿಡಿದೆ, ಅವಳು ರೈಲು ಹಿಡಿದಳು’ ಎನ್ನುವುದು ಒಪ್ಪವಾದ ಕನ್ನಡ. ಇಂಗ್ಲಿಷಿನಲ್ಲಿ ಮಾತ್ರ ಆ ಅಲ್ಪವಿರಾಮದ ಪಕ್ಕ ‘ಆ್ಯಂಡ್’ ಬರಬೇಕು, ಇಲ್ಲವೇ ಅಲ್ಪವಿರಾಮ ಹೋಗಿ ಅರ್ಧವಿರಾಮ ಬರಬೇಕು.

ಯಾಕೆ ಹೀಗೆ? ಹೈಸ್ಕೂಲಿನಲ್ಲಿ ನಾವೆಲ್ಲ ಓದಿದ್ದೇವೆ: ಸಾಮಾನ್ಯ ವಾಕ್ಯ, ಸಂಯೋಜಿತ ವಾಕ್ಯ, ಮಿಶ್ರ ವಾಕ್ಯ. ಮೂರನ್ನೂ ಬಾಯಿಪಾಠ ಮಾಡಿ ಅಂಕ ತೆಗೆದುಕೊಂಡೆವು. ಆದರೆ ನಾವು ಮನೆಯಲ್ಲಿ ಆಡುವ ಕನ್ನಡ ಮಾತು ಜೋಡಿಸುವುದು ಬೇರೆಯದೇ ದಾರಿಯಲ್ಲಿ. ‘ಬೆಳಿಗ್ಗೆ ಎದ್ದು ಮುಖ ತೊಳೆದು ಕಾಫಿ ಕುಡಿದು ಬಸ್ಸು ಹಿಡಿದು ಆಫೀಸಿಗೆ ಬಂದೆ.’ ಐದು ಕೆಲಸ, ಒಂದೇ ಪೂರ್ಣ ಕ್ರಿಯಾಪದ. ಉಳಿದ ನಾಲ್ಕೂ ಕೃದಂತಾವ್ಯಯಗಳು. ಎದ್ದು, ತೊಳೆದು, ಕುಡಿದು, ಹಿಡಿದು ಎಂಬ ಪ್ರತಿಯೊಂದು ಪದದ ಬಾಲದಲ್ಲೇ ಮುಂದಿನದಕ್ಕೆ ಕೊಕ್ಕೆ ಇದೆ. ರೈಲು ಬೋಗಿಗಳ ಹಾಗೆ. ನಡುವೆ ಅಲ್ಪವಿರಾಮ ಹಾಕಿದರೂ ಸರಿ, ಬಿಟ್ಟರೂ ಸರಿ. ಅದು ಉಸಿರು ತೆಗೆದುಕೊಳ್ಳುವ ಜಾಗ ಅಷ್ಟೇ, ಭಾರ ಹೊರುವುದು ಅದಲ್ಲ. ಹಳೆಯ ತಾಳೆಗರಿಗಳಲ್ಲಿ ಪದಗಳ ನಡುವೆ ಜಾಗ ಕೂಡ ಬಿಡದೆ ಬರೆಯುತ್ತಿದ್ದರು. ಆದರೂ ಓದುತ್ತಿದ್ದರು, ಯಾಕೆಂದರೆ ವಾಕ್ಯ ಎಲ್ಲಿ ಮುಗಿಯಿತೆಂದು ಕ್ರಿಯಾಪದವೇ ಹೇಳುತ್ತಿತ್ತು. ಇಂದಿನ ಲೇಖನ ಚಿಹ್ನೆಗಳ ಪಟ್ಟಿ ನಮಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಅಚ್ಚಿನ ಮೊಳೆಗಳ ಜೊತೆ.

ಇಂಗ್ಲಿಷಿನಲ್ಲಿ ಕೊಕ್ಕೆ ಪದದ ಒಳಗಿಲ್ಲ, ಹೊರಗಿದೆ. ಆ್ಯಂಡ್, ಬಟ್, ಆರ್, ಸೋ, ಯೆಟ್, ನಾರ್, ಫಾರ್ ಎಂಬ ಏಳು ಪುಟ್ಟ ಪದಗಳು ಆ ಕೊಕ್ಕೆಗಳು. ಅವು ಇಲ್ಲದಿದ್ದರೆ ಬೋಗಿಗಳು ಒಂದರ ಪಕ್ಕ ಒಂದು ನಿಂತಿರುತ್ತವೆಯೇ ಹೊರತು ಕೂಡಿಕೊಳ್ಳುವುದಿಲ್ಲ.

ಈ ವ್ಯತ್ಯಾಸವನ್ನು ಗುರುತಿಸಿ ಬರೆದವರ ಪ್ರತಿಮೆಯೊಂದು ಮರೀನಾ ಬೀಚಿನ ರಸ್ತೆಯಲ್ಲೇ ಇದೆ. ಬಿಷಪ್ ರಾಬರ್ಟ್ ಕಾಲ್ಡ್‌ವೆಲ್. 1968ರ ವಿಶ್ವ ತಮಿಳು ಸಮ್ಮೇಳನದ ಹೊತ್ತಿಗೆ ನಿಲ್ಲಿಸಿದ್ದು. ತಿರುನೆಲ್ವೇಲಿ ಕಡೆಯ ಹಳ್ಳಿಯಲ್ಲಿ ದಶಕಗಟ್ಟಲೆ ಬಾಳಿದ ಈ ಮನುಷ್ಯ 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಪ್ರಕಟಿಸಿದರು. ಈ ಭಾಷೆಗಳು ಸಂಸ್ಕೃತದ ಬಳಗಕ್ಕಿಂತ ಹೇಗೆ ಬೇರೆ ಎಂದು ಅವರು ಕೊಟ್ಟ ಪಟ್ಟಿಯಲ್ಲಿ ಒಂದು ಅಂಶ ಇದು: ಇವು ವಾಕ್ಯ ಜೋಡಿಸಲು ಸಮುಚ್ಚಯ ಪದಗಳಿಗಿಂತ ಕೃದಂತಗಳನ್ನೇ ನೆಚ್ಚುತ್ತವೆ. ಮಂಗೋಲಿಯನ್, ಮಂಚು ಭಾಷೆಗಳ ಜೊತೆ ಅವರು ಕಲ್ಪಿಸಿದ ನೆಂಟಸ್ತನ ಮುಂದೆ ನಿಲ್ಲಲಿಲ್ಲ. ಆದರೆ ಕಂಡದ್ದು ಸರಿಯಾಗಿಯೇ ಇತ್ತು. ಅದೇ ಬೀಚ್ ರಸ್ತೆಯ ಮದ್ರಾಸ್ ವಿಶ್ವವಿದ್ಯಾಲಯ 1968ರಿಂದ 1971ರವರೆಗೆ ಕಿಟ್ಟೆಲ್ ನಿಘಂಟಿನ ಪರಿಷ್ಕೃತ ಆವೃತ್ತಿಯನ್ನು ಮರಿಯಪ್ಪ ಭಟ್ಟರ ಸಂಪಾದನೆಯಲ್ಲಿ ನಾಲ್ಕು ಸಂಪುಟಗಳಾಗಿ ಹೊರತಂದಿತು. ಕನ್ನಡವನ್ನೂ ಇಂಗ್ಲಿಷನ್ನೂ ಎದುರುಬದುರು ಕೂರಿಸಿ ನೋಡುವ ಕೆಲಸ ಈ ಊರಿಗೆ ಹೊಸದಲ್ಲ.

ಕನ್ನಡದಲ್ಲಿ ‘ಆದರೆ’, ‘ಆದ್ದರಿಂದ’, ‘ಆದರೂ’ ಇಲ್ಲವೇ ಎಂದು ನೀವು ಕೇಳಬಹುದು. ಇವೆ. ಆದರೆ ಬಿಡಿಸಿ ನೋಡಿ. ಮೂರೂ ‘ಆಗು’ ಧಾತುವಿನ ಮಕ್ಕಳು. ‘ಆದರೆ’ ಅಂದರೆ ‘ಹಾಗೆ ಆದ ಪಕ್ಷದಲ್ಲಿ’. ‘ಆದ್ದರಿಂದ’ ಅಂದರೆ ‘ಹಾಗೆ ಆದದ್ದರಿಂದ’. ‘ಹಾಗಾಗಿ’ಯೂ ಅಷ್ಟೇ. ತಮಿಳಿನ ‘ಆನಾಲ್’ ಕೂಡ ನಮ್ಮ ‘ಆದರೆ’ಯಂತೆಯೇ ಹುಟ್ಟಿದ್ದು. ಹೀಗೆ, ಹೊರಗಿನ ಕೊಕ್ಕೆಗಳಂತೆ ಕಾಣುವ ನಮ್ಮ ಪದಗಳು ಕೂಡ ಒಳಗೆ ಕ್ರಿಯಾಪದಗಳೇ.

ಇದೆಲ್ಲ ವ್ಯಾಕರಣದವರ ಹರಟೆ, ಹೊಟ್ಟೆಪಾಡಿಗೂ ಇದಕ್ಕೂ ಏನು ಸಂಬಂಧ ಎಂದುಕೊಳ್ಳುವವರಿಗೆ ಒಂದು ಪ್ರಸಂಗ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಗದಗ ಕಡೆಯ ಹುಡುಗನೊಬ್ಬ ನಮ್ಮಲ್ಲಿಗೆ ಬಂದ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿಎಸ್ಸಿ. ಲೆಕ್ಕದಲ್ಲಿ, ಕೋಷ್ಟಕಗಳಲ್ಲಿ ಅವನ ಕಣ್ಣು ತಪ್ಪಿಸಿಕೊಂಡು ಒಂದು ದಶಮಾಂಶ ಚುಕ್ಕೆಯೂ ಹೋಗುತ್ತಿರಲಿಲ್ಲ. ಲೇಖಕರಿಗೆ ಪ್ರೂಫ್ ಕಳಿಸಿ, ವಾಪಸ್ ತರಿಸಿಕೊಂಡು, ಪ್ರಕಾಶಕರಿಗೆ ವರದಿ ಬರೆಯುವ ಕೆಲಸ ಅವನದು. ಆರು ತಿಂಗಳ ಪ್ರೊಬೇಷನ್ ಮುಗಿಯುವ ಹೊತ್ತಿಗೆ ಅವನ ಕೆಲಸ ಕಾಯಂ ಆಗಲಿಲ್ಲ; ಇನ್ನೂ ಮೂರು ತಿಂಗಳು ಮುಂದೂಡಿದರು. ಕಾಗದದಲ್ಲಿ ಕಾರಣ: ಕಮ್ಯುನಿಕೇಷನ್ ಸಾಲದು. ಹುಡುಗ ಅವತ್ತು ಊಟಕ್ಕೂ ಬರಲಿಲ್ಲ. ಊರಲ್ಲಿ ತಂಗಿಯ ಕಾಲೇಜು ಫೀಸು ಅವನ ಸಂಬಳದ ಮೇಲೆ ನಿಂತಿತ್ತು. ‘ವಾಪಸ್ ಹೋಗಿಬಿಡ್ತೀನ್ರಿ ಅಕ್ಕಾರ’ ಎಂದ.

ದೂರಿಗೆ ಕಾರಣವಾದ ಮೇಲ್ ತೋರಿಸು ಅಂದೆ. ತೋರಿಸಿದ. ಅದರ ನಡುವಿನ ಸಾಲು ಇದು: ‘ದಿ ಆಥರ್ ರಿಟರ್ನ್ಡ್ ದ ಪ್ರೂಫ್ ಆನ್ ದ ನೈನ್ತ್, ವಿ ಮಿಸ್ಡ್ ದ ಡೇಟ್.’

ನಡೆದದ್ದು ಏನೆಂದರೆ, ಐದನೇ ತಾರೀಕಿಗೆ ಬರಬೇಕಾದ ಪ್ರೂಫನ್ನು ಲೇಖಕರು ಒಂಬತ್ತಕ್ಕೆ ಕಳಿಸಿದ್ದರು. ಅದರಿಂದಾಗಿಯೇ ನಮ್ಮ ಗಡುವು ತಪ್ಪಿತ್ತು. ಆದರೆ ಲಂಡನ್ನಿನಲ್ಲಿ ಕೂತು ಓದಿದವರಿಗೆ ಕಂಡದ್ದು ಎರಡು ಬಿಡಿ ಸಂಗತಿ: ಲೇಖಕರು ಒಂಬತ್ತಕ್ಕೆ ಕೊಟ್ಟರು, ನೀವು ತಪ್ಪಿಸಿದಿರಿ. ಅವರು ನಮ್ಮನ್ನೇ ತರಾಟೆಗೆ ತೆಗೆದುಕೊಂಡರು.

ನಾನು ಅವನ ಮುಂದೆ ಆ ವಾಕ್ಯವನ್ನು ಎರಡು ಸಲ ಬರೆದೆ. ಒಂದರಲ್ಲಿ ಅಲ್ಪವಿರಾಮದ ಮುಂದೆ ‘ಸೋ’ ಹಾಕಿದೆ, ಇನ್ನೊಂದರಲ್ಲಿ ‘ಬಟ್’ ಹಾಕಿದೆ. ‘ಸೋ ವಿ ಮಿಸ್ಡ್ ದ ಡೇಟ್’ ಅಂದರೆ ತಡವಾದದ್ದು ಲೇಖಕರಿಂದ. ‘ಬಟ್ ವಿ ಮಿಸ್ಡ್ ದ ಡೇಟ್’ ಅಂದರೆ ಲೇಖಕರು ತಮ್ಮ ಕೆಲಸ ಮುಗಿಸಿಕೊಟ್ಟರೂ ನಾವು ಕೆಡಿಸಿದೆವು. ಎರಡು ಅಥವಾ ಮೂರು ಅಕ್ಷರದ ಪದ, ತಪ್ಪು ಈ ದಡದಿಂದ ಆ ದಡಕ್ಕೆ ಹೋಗುತ್ತದೆ. ಬರೀ ಅಲ್ಪವಿರಾಮ ಬಿಟ್ಟರೆ ಓದುವವರು ತಮಗೆ ಬೇಕಾದ ದಡ ಆರಿಸಿಕೊಳ್ಳುತ್ತಾರೆ.

‘ನಿನಗೆ ಸೋ ಗೊತ್ತಿತ್ತಲ್ಲ ಮಾರಾಯ, ಯಾಕೆ ಹಾಕಲಿಲ್ಲ?’ ಎಂದು ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: ‘ಅವ್ರು ದೊಡ್ಡ ಪ್ರೊಫೆಸರ್ ಅದಾರ್ರಿ ಅಕ್ಕಾರ. ನಿಮ್ಮಿಂದ ತಡ ಆತು ಅಂತ ಮಾರಿ ಮ್ಯಾಲೆ ಹೆಂಗ ಬರಿಯೂದ್ರಿ? ಅದಕ್ಕ ಎರಡೂ ಹೇಳಿ ಬಿಟ್ಟೆ. ತಿಳ್ಕೊಳ್ಳೋರು ತಿಳ್ಕೋತಾರ ಅಂತ.’

ಅಲ್ಲಿಗೆ ನನಗೆ ಹೊಳೆಯಿತು. ಆ ಅಲ್ಪವಿರಾಮ ಅಜ್ಞಾನ ಅಲ್ಲ, ಮರ್ಯಾದೆ. ನಮ್ಮ ಭಾಷೆಯಲ್ಲಿ ಆ ಮರ್ಯಾದೆಗೆ ಜಾಗ ಇದೆ. ‘ಪ್ರೂಫ್ ಒಂಬತ್ತಕ್ಕೆ ಬಂದು ಗಡುವು ತಪ್ಪಿತು’ ಅಂದರೆ ಸಾಕು. ‘ಬಂದು’ ಎಂಬ ಒಂದು ಪದ ಮೊದಲು ನಡೆದದ್ದು ಯಾವುದು ಎಂದೂ ಹೇಳುತ್ತದೆ, ಕಾರಣ ಯಾವುದು ಎಂದೂ ಸೂಚಿಸುತ್ತದೆ, ಯಾರ ಕಡೆಗೂ ಬೆರಳು ತೋರಿಸುವುದಿಲ್ಲ. ‘ಮಳೆ ಬಂದು ಕೆರೆ ತುಂಬಿತು’ ಅಂದ ಹಾಗೆ. ಹಿರಿಯರ ಎದುರು ನಾವು ಬೆಳೆದದ್ದೇ ಇಂಥ ವಾಕ್ಯಗಳಲ್ಲಿ. ಇಂಗ್ಲಿಷಿನ ವ್ಯವಹಾರದ ಬರವಣಿಗೆ ಮಾತ್ರ ಸಂಬಂಧವನ್ನು ಬಾಯಿಬಿಟ್ಟು ಹೇಳು ಅನ್ನುತ್ತದೆ. ಕೂಡಿಸುತ್ತಿದ್ದೀಯೋ, ಎದುರು ಇಡುತ್ತಿದ್ದೀಯೋ, ಆಯ್ಕೆ ಕೊಡುತ್ತಿದ್ದೀಯೋ, ಕಾರಣದಿಂದ ಪರಿಣಾಮ ತೆಗೆಯುತ್ತಿದ್ದೀಯೋ? ರೆನ್ ಆ್ಯಂಡ್ ಮಾರ್ಟಿನ್ ವ್ಯಾಕರಣದಲ್ಲಿ ಈ ಪದಗಳನ್ನು ಇದೇ ನಾಲ್ಕು ಗುಂಪು ಮಾಡಿದ್ದಾರೆ. ಅದರಲ್ಲಿ ಒಂದನ್ನು ಆರಿಸಲೇಬೇಕು. ಆರಿಸಿದ ಮೇಲೆ ಅದಕ್ಕೆ ನೀವೇ ಜವಾಬ್ದಾರರು.

‘ಸೋ ಅಂದರೆ ಬೈಗುಳ ಅಲ್ಲ’ ಎಂದು ಅವನಿಗೆ ಹೇಳಿದೆ. ‘ನಡೆದದ್ದನ್ನು ನಡೆದ ಹಾಗೆ ಹೇಳುವುದು. ಮರ್ಯಾದೆಯನ್ನು ವಾಕ್ಯದ ಬೇರೆ ಕಡೆ ತೋರಿಸು. ಥ್ಯಾಂಕ್ಸ್ ಹೇಳು, ಪ್ಲೀಸ್ ಹಾಕು. ಕೊಕ್ಕೆ ಮಾತ್ರ ಕಳಚಬೇಡ.’

ಮುಂದಿನ ಮೂರು ತಿಂಗಳು ಮಧ್ಯಾಹ್ನದ ಊಟದ ನಂತರ ಹದಿನೈದು ನಿಮಿಷ ಕೂತೆವು. ಇಬ್ಬರು ತಮಿಳು ಹುಡುಗಿಯರೂ ಸೇರಿಕೊಂಡರು. ಅವರದ್ದೂ ತಮಿಳು ಮಾಧ್ಯಮ, ಅವರ ಕಾಗದದಲ್ಲೂ ಅದೇ ಮಾತು ಇತ್ತು. ನಾನು ಅವರಿಗೆ ಕಲಿಸಿದ್ದು ಹೆಚ್ಚೇನಿಲ್ಲ. ಇಲ್ಲಿ ಓದುವವರಲ್ಲೂ ಯಾರಿಗಾದರೂ ಉಪಯೋಗಕ್ಕೆ ಬಂದೀತು ಎಂದು ಬರೆಯುತ್ತೇನೆ.

ಮೊದಲನೆಯದು, ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿ ನೋಡುವುದು. ಇಂಗ್ಲಿಷ್ ಕಲಿಯಬೇಕಾದರೆ ಕನ್ನಡದಲ್ಲಿ ಯೋಚಿಸಬಾರದು ಎಂದು ಹೇಳುವವರಿದ್ದಾರೆ. ಈ ಒಂದು ವಿಷಯದಲ್ಲಿ ಕನ್ನಡವೇ ಒಳ್ಳೆಯ ಮೇಷ್ಟ್ರು. ‘ಬಸ್ಸು ಹಿಡಿದು ಗಿಂಡಿ ತಲುಪಿದೆ’ ಎಂದು ಕೃದಂತದಲ್ಲಿ ಸಲೀಸಾಗಿ ಬಂದರೆ ಎರಡು ಕೆಲಸಕ್ಕೂ ಕರ್ತೃ ಒಬ್ಬನೇ ಎಂದರ್ಥ. ಆಗ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಅಲ್ಪವಿರಾಮ ಬೇಡ: ‘ಐ ಟುಕ್ ದ ಬಸ್ ಆ್ಯಂಡ್ ರೀಚ್ಡ್ ಗಿಂಡಿ.’ ‘ನಾನು ಬಸ್ಸು ಹಿಡಿದು ಅವಳು ರೈಲು ಹಿಡಿದಳು’ ಎನ್ನಲು ಬಾಯಿ ಬರುವುದಿಲ್ಲ. ಕರ್ತೃ ಬದಲಾಗಿದ್ದಾನೆ, ಎರಡು ಪೂರ್ಣ ಕ್ರಿಯಾಪದ ಬೇಕು. ಆಗ ಅಲ್ಪವಿರಾಮವೂ ಬೇಕು, ಅದರ ಜೊತೆ ಕೊಕ್ಕೆಯೂ ಬೇಕು: ‘ಐ ಟುಕ್ ದ ಬಸ್, ಆ್ಯಂಡ್ ಶಿ ಟುಕ್ ದ ಟ್ರೇನ್.’ ಮಳೆ-ಕೆರೆಯಂತಹ ಉದಾಹರಣೆ ಈ ಸೂತ್ರ ಮೀರುತ್ತದೆ. ಅಲ್ಲಿ ಕರ್ತೃ ಬೇರೆಯಾದರೂ ಒಂದರಿಂದ ಇನ್ನೊಂದು ತಾನಾಗಿ ಆದದ್ದರಿಂದ ಕನ್ನಡ ಒಪ್ಪುತ್ತದೆ. ಅಂಥ ಕಡೆ ಇಂಗ್ಲಿಷಿಗೆ ‘ಸೋ’ ಬೇಕು ಎಂದೇ ತಿಳಿಯಿರಿ.

ಎರಡನೆಯದು, ‘ಹೌಎವರ್’, ‘ದೇರ್‌ಫೋರ್’, ‘ಮೋರ್‌ಓವರ್’ ಇವು ಕೊಕ್ಕೆಗಳಲ್ಲ. ಅರ್ಥ ನೋಡಿ ಮೋಸಹೋಗಬಾರದು. ‘ಬಟ್’ ಎನ್ನುವುದಕ್ಕೂ ‘ಹೌಎವರ್’ ಎನ್ನುವುದಕ್ಕೂ ಕನ್ನಡದಲ್ಲಿ ನಾವು ‘ಆದರೆ’ ಅಂದುಬಿಡುತ್ತೇವೆ. ಇಂಗ್ಲಿಷಿನಲ್ಲಿ ‘ಬಟ್’ ಜೋಡಿಸುತ್ತದೆ, ‘ಹೌಎವರ್’ ಬರೀ ದಾರಿ ತೋರಿಸುತ್ತದೆ. ಅದರ ಹಿಂದೆ ಅರ್ಧವಿರಾಮವೋ ಪೂರ್ಣವಿರಾಮವೋ ಇರಲೇಬೇಕು, ಮುಂದೆ ಅಲ್ಪವಿರಾಮ. ನಾನು ತಿದ್ದಿದ ಪಿಎಚ್‌ಡಿ ಪ್ರಬಂಧಗಳಲ್ಲಿ ಅತಿ ಹೆಚ್ಚು ಕೆಂಪು ಬಿದ್ದದ್ದು ಈ ಒಂದು ಪದದ ಎಡಬದಿಗೆ.

ಮೂರನೆಯದು, ಅರ್ಧವಿರಾಮಕ್ಕೆ ಹೆದರಬೇಡಿ. ಹದಿನೈದನೆಯ ಶತಮಾನದ ಕೊನೆಯಲ್ಲಿ ವೆನಿಸ್ಸಿನ ಮುದ್ರಕ ಆಲ್ಡಸ್ ಮನೂಶಿಯಸ್ ಅಚ್ಚಿಗೆ ತಂದ ಚಿಹ್ನೆ ಅದು. ಎರಡು ಪೂರ್ಣ ವಾಕ್ಯಗಳು ಒಂದೇ ವಿಷಯದ ಎರಡು ಮುಖಗಳಾಗಿದ್ದು, ನಡುವಿನ ಸಂಬಂಧ ಓದುಗನಿಗೆ ಹೇಳದೆಯೂ ತಿಳಿಯುವಂತಿದ್ದರೆ ಅದನ್ನು ಹಾಕಬಹುದು. ನಮ್ಮ ಕನ್ನಡದ ‘ನಾನು ಬಸ್ಸು ಹಿಡಿದೆ, ಅವಳು ರೈಲು ಹಿಡಿದಳು’ ಎಂಬುದರ ಅಲ್ಪವಿರಾಮಕ್ಕೆ ಇಂಗ್ಲಿಷಿನಲ್ಲಿ ತೀರ ಹತ್ತಿರದ ನೆಂಟ ಈ ಅರ್ಧವಿರಾಮವೇ. ಆದರೆ ತಪ್ಪು ಯಾರದು ಎಂದು ಹೇಳಬೇಕಾದ ಕಡೆ ಅದನ್ನು ನೆಚ್ಚಬೇಡಿ.

ನಾಲ್ಕನೆಯದು, ಸಂಶಯ ಬಂದರೆ ಪೂರ್ಣವಿರಾಮ. ಎರಡು ಸಣ್ಣ ವಾಕ್ಯ ಬರೆದವರನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ.

ಆ ಹುಡುಗನ ಕೆಲಸ ಒಂಬತ್ತನೇ ತಿಂಗಳಿಗೆ ಕಾಯಂ ಆಯಿತು. ನಮ್ಮ ಹದಿನೈದು ನಿಮಿಷದಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ. ಆ ಹೊತ್ತಿಗೆ ಕೆಲಸ ಬಿಟ್ಟವರೂ ಹಲವರಿದ್ದರು, ಲೆಕ್ಕ ಬಲ್ಲವರು ಬೇಕಾಗಿತ್ತು. ಎರಡು ವರ್ಷದ ಮೇಲೆ ಅವನು ಬೇರೆ ಕಂಪನಿಗೆ ಹೋದ. ಈಗ ಅವನ ಕೈಕೆಳಗೆ ಆರು ಜನ ಇದ್ದಾರಂತೆ. ತಮಿಳು ಹುಡುಗಿಯರಲ್ಲಿ ಒಬ್ಬಳು ಮಾತ್ರ ಉಳಿದಳು. ಇನ್ನೊಬ್ಬಳಿಗೆ ಕಾಯಂ ಮಾಡಲಿಲ್ಲ. ಅವಳ ಇಂಗ್ಲಿಷು ಅಷ್ಟರಲ್ಲಿ ಉಳಿದವಳದ್ದಕ್ಕಿಂತ ಚೆನ್ನಾಗಿಯೇ ಆಗಿತ್ತು. ಒಂದು ಸಲ ಕಾಗದದ ಮೇಲೆ ‘ಸಾಲದು’ ಎಂದು ಬಿದ್ದರೆ ಅದನ್ನು ಅಳಿಸಲು ಅಲ್ಪವಿರಾಮವನ್ನು ಸರಿಯಾಗಿ ಹಾಕಿದರೆ ಮಾತ್ರ ಸಾಲುವುದಿಲ್ಲ ಎಂದು ನನಗೆ ಕಲಿಸಿದವಳು ಅವಳು.

ನಮ್ಮ ಸಂಸ್ಥೆಗಳು ‘ಕಮ್ಯುನಿಕೇಷನ್’ ಎಂಬ ಒಂದು ಮೂಟೆಯಲ್ಲಿ ಎಲ್ಲವನ್ನೂ ತುಂಬಿಬಿಡುತ್ತವೆ. ಉಚ್ಚಾರಣೆ, ಉಡುಪು, ಕಾನ್ವೆಂಟು, ಕಾಮಾ. ಅದರಲ್ಲಿ ಕಾಮಾ ಒಂದೇ ಒಂದು ವಾರದಲ್ಲಿ ಕಲಿಯಬಹುದಾದದ್ದು. ಚೀನಾದ ಪ್ರೊಫೆಸರುಗಳು ಕಳಿಸುವ ಪ್ರಬಂಧಗಳಲ್ಲೂ ಇದೇ ಅಲ್ಪವಿರಾಮದ ಸರಪಳಿ ಇರುತ್ತದೆ. ಅವರ ಬರವಣಿಗೆಯಲ್ಲೂ ಪೂರ್ಣ ವಾಕ್ಯಗಳನ್ನು ಅಲ್ಪವಿರಾಮದಿಂದ ಪೋಣಿಸುವ ರೂಢಿ ಇದೆ. ಅವರಿಗೆ ಬುದ್ಧಿ ಸಾಲದು ಎಂದು ಯಾರೂ ಅನ್ನುವುದಿಲ್ಲ. ನಾವು ಸದ್ದಿಲ್ಲದೆ ತಿದ್ದಿ ಕಳಿಸುತ್ತೇವೆ. ನಮ್ಮ ಹಳ್ಳಿಯ ಹುಡುಗರಿಗೆ ಮಾತ್ರ ಅದೇ ಗುರುತು ಹಣೆಪಟ್ಟಿಯಾಗುತ್ತದೆ.

ಈಚೆಗೆ ಇನ್ನೊಂದು ಕಾಣುತ್ತಿದೆ. ಬ್ಯಾಂಕಿನ ಆ್ಯಪು ಕನ್ನಡದಲ್ಲಿ ತೆರೆದರೆ ‘ಸಂಖ್ಯೆಯನ್ನು ನಮೂದಿಸಿ ಮತ್ತು ಮುಂದುವರಿಸಿ’ ಎನ್ನುತ್ತದೆ. ‘ಸಂಖ್ಯೆ ನಮೂದಿಸಿ ಮುಂದುವರಿಯಿರಿ’ ಅಂದಿದ್ದರೆ ಸಾಕಿತ್ತು. ‘ನಮೂದಿಸಿ’ಯ ಬಾಲದಲ್ಲೇ ಕೊಕ್ಕೆ ಇದೆಯಲ್ಲ. ಇಂಗ್ಲಿಷಿನ ಹೊರಗಿನ ಕೊಕ್ಕೆ ತಂದು ನಮ್ಮ ಒಳಗಿನ ಕೊಕ್ಕೆಯ ಮೇಲೆ ಸಿಕ್ಕಿಸಿದ್ದಾರೆ. ಊರು ಬಿಟ್ಟು ಬಂದ ನಮ್ಮಂಥವರ ಮೆಸೇಜುಗಳಲ್ಲೂ ‘ಮತ್ತು’ಗಳು ಹೆಚ್ಚುತ್ತಿವೆ. ‘ನಿನ್ನೆ ಮಾರ್ಕೆಟ್ಟಿಗೆ ಹೋದೆ ಮತ್ತು ತರಕಾರಿ ತಂದೆ’ ಎಂದು ಇಲ್ಲೇ ಹುಟ್ಟಿದ ಮಗು ಬರೆದರೆ ಅದು ತಪ್ಪಲ್ಲ, ಆದರೆ ಅದರಲ್ಲಿ ಕನ್ನಡದ ನಡಿಗೆ ಇಲ್ಲ.

ಹಾಗಾಗಿ ಎರಡು ಕಡೆಗೂ ನನ್ನದು ಒಂದೇ ಕೋರಿಕೆ. ಇಂಗ್ಲಿಷ್ ಬರೆಯುವಾಗ ಕೊಕ್ಕೆಯನ್ನು ಹೊರಗೆ ಹಾಕಿ, ಯಾವ ಕೊಕ್ಕೆ ಎಂದು ಧೈರ್ಯವಾಗಿ ಆರಿಸಿ. ಕನ್ನಡ ಬರೆಯುವಾಗ ಕ್ರಿಯಾಪದವನ್ನು ನಂಬಿ. ಎರಡೂ ಬಲ್ಲವರಿಗೆ ಯಾವ ಮನೆಯಲ್ಲಿ ಚಪ್ಪಲಿ ಎಲ್ಲಿ ಬಿಡಬೇಕೆಂದು ಗೊತ್ತಿರುತ್ತದೆ. ಯಾರೂ ಹೇಳಿಕೊಡದೆ ಅದು ಗೊತ್ತಾಗುವುದಿಲ್ಲ. ನಿಮ್ಮ ಆಫೀಸಿಗೂ ಈ ಜೂನಿನಲ್ಲಿ ಗದಗಿನಿಂದಲೋ, ರಾಯಚೂರಿನಿಂದಲೋ, ವಿಲ್ಲುಪುರಂನಿಂದಲೋ ಯಾರಾದರೂ ಬಂದಿರುತ್ತಾರೆ. ಅವರ ಮೇಲ್ ಫಾರ್ವರ್ಡ್ ಮಾಡಿ ನಗುವ ಮೊದಲು ಹದಿನೈದು ನಿಮಿಷ ಪಕ್ಕ ಕೂತುಕೊಳ್ಳಿ.